ರಿನ್ಸಿಯ ಅಣಕು ಪರೀಕ್ಷೆ

ತಿರುವಲ್ಲ
ಜೂನ್ 9, 2013

ಪ್ರೀತಿಯ ಮಗಳು ಶೋಶಾಮ್ಮಳಿಗೆ,

ಕುವೈತಿನ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಿತೆ? ಎರಡು ಪಾಳಿಗಳನ್ನು ಒಟ್ಟಿಗೆ ಮಾಡಬಾರದೆಂದು ಈ ಮೂಲಕ ಪುನಃ ತಿಳಿಯಪಡಿಸುತ್ತೇನೆ. ನನ್ನ ಮಂಡಿ ಯಥಾಸ್ಥಿತಿಯಲ್ಲಿದೆ.

ಐರ್ಲೆಂಡಿಗೆ ಹೋಗಲಿರುವ ನರ್ಸುಗಳ ಇಂಗ್ಲಿಷ್ ಪರೀಕ್ಷೆಗೆ ನಿನ್ನ ಮಗಳು ರಿನ್ಸಿಯನ್ನು ನಾನೇ ಅಣಿಗೊಳಿಸುತ್ತಿರುವುದು ನಿನಗೆ ವಿದಿತವೇ ಇದೆ. ತಾಲ್ಲೂಕು ಕಛೇರಿಯ ಮುಂದೆ ಕುಳಿತು ಆಯುಷ್ಯವಿಡೀ ಇಂಗ್ಲಿಷಿನಲ್ಲಿ ಅರ್ಜಿ ಬರೆದವನು ನಾನು. ಯಾವ ಕ್ರಿಯಾಪದದ ಬೆನ್ನಿಗೆ ‘ಟು’ ಬೇಕು, ಯಾವುದಕ್ಕೆ ‘ಅಬೌಟ್’ ಬೇಡ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಡಿಸ್ಕಸ್’ ಒಂಟಿಯಾಗಿಯೇ ನಿಲ್ಲುತ್ತದೆ, ‘ಲಿಸನ್’ಗೆ ‘ಟು’ ಎಂಬ ಊರುಗೋಲು ಬೇಕು. ಮರಗೆಣಸು ಸುಲಿಯುತ್ತಲೂ ರಿನ್ಸಿ ಇವನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ತರಬೇತಿ ಕೇಂದ್ರದ ಬೀನಾ ಟೀಚರ್ ಮಾತ್ರ, “ಅಪ್ಪಚ್ಚಾ, ನಿಮ್ಮ ಮೊಮ್ಮಗಳು ಕಾಯಿಲೆಯವರಿಗೂ ಅರ್ಜಿ ಹಾಕ್ತಾಳಲ್ಲ! ಸ್ವಲ್ಪ ನಗೋದೂ ಕಲಿಸಿ” ಎಂದು ಕೆಣಕಿದ್ದರು. ಅದನ್ನು ಅಸೂಯೆಯೆಂದೇ ಎಣಿಸಿದ್ದೆ.

ನಿನ್ನೆ ಅಣಕು ಪರೀಕ್ಷೆ. ನಾನು ಹಿಂದಿನ ಬೆಂಚಿನಲ್ಲಿ ಆಸೀನನಾಗಿದ್ದೆ. ಬೀನಾ ಟೀಚರ್ ರೋಗಿ. ಹಾಸಿಗೆ ಬಿಟ್ಟು ಕೆಲಸಕ್ಕೆ ಹೊರಟುನಿಂತ ತಾಯಿಯ ಪಾತ್ರ. ರಿನ್ಸಿ ನರ್ಸಾಗಿ ಆಕೆಯನ್ನು ತಡೆಯಬೇಕು. ಟೀಚರ್ ಇಂಗ್ಲಿಷಿನಲ್ಲಿ, “ನಂಗೆ ರಜ ಹಾಕೋಕಾಗಲ್ಲಮ್ಮ. ಊರಲ್ಲಿ ಮಗಳಿದಾಳೆ. ಅವಳಿಗೇನೂ ಕಮ್ಮಿ ಮಾಡಿಲ್ಲ, ಎಲ್ಲ ಕಳಿಸ್ತೀನಿ” ಎಂದರು.

ರಿನ್ಸಿ, “ಲಿಸನ್ ಮಿ, ಮಮ್ಮಿ!” ಎಂದು ಚೀರಿದಳು.

ನಾನು ಎದ್ದು ನಿಂತು, “ಟು! ಲಿಸನ್ ಟು!” ಎಂದು ಕೂಗಿಬಿಟ್ಟೆ.

ಶೋಶಾಮ್ಮಾ, ತರಗತಿಗೆ ತರಗತಿಯೇ ತಿರುಗಿ ನನ್ನನ್ನು ನೋಡಿತು. ರಿನ್ಸಿ ನೋಡಲಿಲ್ಲ. ಇಂಗ್ಲಿಷನ್ನು ಅಲ್ಲಿಗೇ ಬಿಟ್ಟು ಟೀಚರ ಕೈ ಹಿಡಿದು, “ಹಾಲಿನಪುಡಿ ಬಂತು, ವಾಚು ಬಂತು, ನೀವು ಬರ್ಲೇ ಇಲ್ಲ. ನಾನು ಎಲ್ಲಿಗೂ ಹೋಗಲ್ಲ. ನಾಳೆ ನನ್ ಮಗೂನೂ ಹಿಂಗೇ ಯಾರ್ದೋ ಕೈ ಹಿಡ್ಕೊಂಡು ಅಳ್ಬೇಕಾ?” ಎಂದಳು. ಟೀಚರಿಗೆ ಪಾತ್ರ ಮರೆತೇಹೋಯಿತು. ಅವಳನ್ನು ತಬ್ಬಿಕೊಂಡು ಕುಳಿತರು.

ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ ಬೆಳೆದ ಕೂಸು. ಇಂಥದೊಂದು ಅದರೊಳಗಿತ್ತೆಂಬುದು ನನ್ನ ಗಮನಕ್ಕೆ ಬಂದಿರಲೇ ಇಲ್ಲ. ನಿನ್ನೆಯಿಂದ ಅವಳು ಊಟ ಮುಟ್ಟಿಲ್ಲ, ನಿನ್ನ ಮಂಚ ಬಿಟ್ಟು ಎದ್ದಿಲ್ಲ.

ದೇವರು ನಿನ್ನನ್ನು ಕಾಯಲಿ. ನಿನ್ನ ಕೋಣೆಯ ಸಂಗಾತಿಯರಿಗೂ ನನ್ನ ಶುಭಾಶಯ ತಿಳಿಸು.

ನಿನ್ನ ಅಪ್ಪಚ್ಚನ್,
ಇಟ್ಟಿಚೆರಿಯ

ತಾ.ಕ.: ನಿಮ್ಮ ಆಸ್ಪತ್ರೆಗೆ ರಜೆಯ ಅರ್ಜಿ ಬರೆದು ಲಗತ್ತಿಸಿದ್ದೇನೆ. ವಿನಮ್ರ ವಿಜ್ಞಾಪನೆ ಇತ್ಯಾದಿ ಏನೂ ಇಲ್ಲ. ಮಗಳು ಕರೆಯುತ್ತಿದ್ದಾಳೆ ಎಂಬ ಒಂದೇ ಸಾಲು. ಸಹಿ ಹಾಕಿ ಕೊಟ್ಟು ಮನೆಗೆ ಬಾ.