ನನ್ನ ಭಾಷಣ ನನಗೆ ವಾಪಸ್ ಕೊಡಿ

ನಗರದ ದೀಪ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಹೊರಟೆ, ಕೈ ತಡೆಯಿತು. ಜಗಳಕ್ಕೆ ಕೂತವನು ಅಷ್ಟು ಬಾಗಬಾರದು. ಸಾರ್ವಜನಿಕ ವೀಕ್ಷಣಾಲಯದ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ನೀವು ನೆಟ್ಟ ಹನ್ನೆರಡು ಕಂಬದ ದೀಪಗಳು ನಮ್ಮ ಪಶ್ಚಿಮದ ಆಕಾಶವನ್ನೇ ಅಳಿಸಿಹಾಕಿವೆ. ಇದು ನನ್ನ ದೂರು. ಆ ದೀಪಗಳನ್ನು ಹಾಕಿಸಿದವರಲ್ಲಿ ನಾನೂ ಒಬ್ಬ. ಇದು ತಪ್ಪೊಪ್ಪಿಗೆ.

ನಿಮ್ಮ ಆದೇಶದ ಮೂರನೇ ಪುಟ ನನಗೆ ಬಾಯಿಪಾಠ: “ಬಾಹ್ಯಾಕಾಶಕ್ಕೇ ದೂರದರ್ಶಕ ಹಾರಿರುವಾಗ ನೆಲದ ಮೇಲಿನವೆಲ್ಲ ಇನ್ನು ಆಟಿಕೆಗಳು ಎಂದು ವೀಕ್ಷಣಾಲಯದ ಮೇಲ್ವಿಚಾರಕರೇ ತಿಳಿಸಿರುವುದರಿಂದ, ಸದರಿ ಸ್ಥಳದಲ್ಲಿ ಕತ್ತಲೆ ಕಾಯ್ದುಕೊಳ್ಳುವ ಅಗತ್ಯ ಕಂಡುಬರುವುದಿಲ್ಲ.” ಆ ಮೇಲ್ವಿಚಾರಕ ನಾನೇ. ಆ ದೂರದರ್ಶಕದ ಉಡಾವಣೆಯ ದಿನ ನಮ್ಮ ಸಭಾಂಗಣದಲ್ಲಿ ಪರದೆ ಕಟ್ಟಿ ನೇರಪ್ರಸಾರ ತೋರಿಸಿದ್ದೆವು. ರಾಕೆಟ್ ಏರಿತು, ಚಪ್ಪಾಳೆ ಬಿತ್ತು, ಮೈಕ್ ನನ್ನ ಕೈಗೆ ಬಂತು. ಮೈಕ್ ಸಿಕ್ಕರೆ ನನ್ನ ನಾಲಿಗೆಗೆ ಹಿಡಿತವಿರುವುದಿಲ್ಲ. ಮುಂದಿನ ಸಾಲಿನಲ್ಲಿ ನೀವು ತಲೆದೂಗಿದಿರಿ, ನಾನು ಉಬ್ಬಿಹೋದೆ. ಉತ್ಸಾಹದಲ್ಲಿ ಆಡಿದ ಮಾತನ್ನು ಇಷ್ಟು ಜೋಪಾನವಾಗಿ ಕಡತಕ್ಕೆ ಸೇರಿಸಿದ ಇಲಾಖೆ, ನಮ್ಮ ಬಡಾವಣೆಯವರು ಬರೆದುಕೊಟ್ಟ ಅರ್ಜಿಗಳನ್ನು ಯಾವ ಬೀರುವಿನಲ್ಲಿಟ್ಟಿದೆ? ರಾತ್ರಿಯಿಡೀ ನಿಲ್ಲುವ ಮೂರು ಸ್ಕೂಟರುಗಳಿಗೆ ಹನ್ನೆರಡು ದೀಪ ಯಾವ ಲೆಕ್ಕ? ಆಕ್ಷೇಪಣೆ ಸಲ್ಲಿಸಲು ನನಗೂ ಮೂವತ್ತು ದಿನ ಸಮಯವಿತ್ತು. ಸಲ್ಲಿಸಲಿಲ್ಲ. ನನ್ನ ಮಾತು ಸರ್ಕಾರಿ ಕಾಗದದಲ್ಲಿ ಅಚ್ಚಾಯಿತಲ್ಲ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ. ಅಕ್ಕನಿಗೂ ಓದಿ ಹೇಳಿದೆ.

“ಆಟಿಕೆ ಅಂದ್ಯಾ? ಮತ್ತೆ ಇಷ್ಟು ವರ್ಷ ನಮಗೆಲ್ಲ ತೋರಿಸಿದ್ದೇನೋ?” ಎಂದಳು.

ಅಕ್ಕ ಟೈಲರ್. ವೀಕ್ಷಣಾಲಯದ ಬಾಗಿಲಿಗೆ ಬೆಳಕು ನುಸುಳದಂತೆ ಎರಡು ಪದರದ ಕಪ್ಪು ಪರದೆ ಹೊಲಿದುಕೊಟ್ಟವಳು. ಅವಳ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಿದೆ. ಮಬ್ಬಿನಲ್ಲಿ ಕಾಣುವುದು ಈ ವರ್ಷದೊಳಗೆ ನಿಲ್ಲಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಗುರುಗ್ರಹದ ಪಟ್ಟೆಗಳನ್ನೂ ಶನಿಯ ಉಂಗುರವನ್ನೂ ಅವಳು ನೋಡಿಯಾಗಿದೆ. ಬಾಕಿ ಉಳಿದಿದ್ದು ಧೂಮಕೇತು. ಈಗ ಬಂದಿರುವುದು ಸೂರ್ಯ ಮುಳುಗಿದ ಮೇಲೆ ಒಂದೇ ಗಂಟೆ, ಸರಿಯಾಗಿ ನಿಮ್ಮ ದೀಪಗಳ ನೆತ್ತಿಯ ಮೇಲೆ ಇರುತ್ತದೆ. ತೋರಿಸಿಯೇ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಕಳೆದ ಮಂಗಳವಾರ ಕರೆತಂದೆ. ಪಾರ್ಕಿಂಗಿನ ಧೂಳಿಗೆ ಹೆದರಿ ಟೆಲಿಸ್ಕೋಪಿನ ಬಾಯಿಗೆ ಹಾಕಿದ ಮುಚ್ಚಳವನ್ನು ಈಗೀಗ ಕೊನೇ ಗಳಿಗೆಯವರೆಗೂ ತೆಗೆಯುವುದಿಲ್ಲ. ಧೂಮಕೇತುವಿನ ಸ್ಥಾನದ ಪಟ್ಟಿಯಲ್ಲಿದ್ದ ಅಂಕಿ ನೋಡಿ ಕೊಳವೆ ತಿರುಗಿಸಿದೆ. ಮೊದಲ ನೋಟ ಬಂದವರದು, ನಡೆಸುವವನದು ಕೊನೆಗೆ. ಇದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ.

“ಕಾಣ್ತಾ ಅಕ್ಕಾ?”

ಅವಳು ಕಣ್ಣು ಬದಲಿಸಿ ಮತ್ತೊಮ್ಮೆ ನೋಡಿದಳು.

“ಹೂಂ ಕಣೋ, ಕಾಣ್ತು. ಬಾಲ ಎಷ್ಟು ಉದ್ದ ಇದೆ! ಸಾಕು, ನಡಿ, ಮನೆಗೆ ಹೋಗೋಣ.”

ಅವಳು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ನಾನು ಕಣ್ಣಿಟ್ಟೆ. ಕಗ್ಗತ್ತಲೆ. ಮುಚ್ಚಳ ಹಾಗೇ ಇತ್ತು. ತೆಗೆದು ನೋಡಿದೆ; ಹಾಲು ಚೆಲ್ಲಿದ ಹಾಗೆ ನಿಮ್ಮ ಬೆಳಕು, ಧೂಮಕೇತುವಿನ ಸುಳಿವೇ ಇಲ್ಲ. ಅವಳನ್ನು ವಾಪಸ್ ಕರೆದು ನಿಜ ಹೇಳಬೇಕಿತ್ತು. ಮುಖವಿಲ್ಲದೆ ಸುಮ್ಮನಾದೆ. ದಾರಿಯುದ್ದಕ್ಕೂ ಅವಳು ಕಾಣದ ಬಾಲವನ್ನು ಹೊಗಳಿದಳು, ನಾನು ಹೂಂಗುಟ್ಟಿದೆ. ಮರುದಿನ ಅಂಗಡಿಗೆ ಬಂದಿದ್ದ ಕಪ್ಪು ಬಟ್ಟೆಗಳನ್ನೆಲ್ಲ ಪಕ್ಕದ ಟೈಲರಿಗೆ ದಾಟಿಸಿ, “ಇನ್ನು ನನ್ನ ಕೈಲಾಗಲ್ಲ, ಕಣ್ಣು ಹೋಯ್ತು” ಎಂದಳಂತೆ. ನನಗೆ ಮಾತ್ರ ಏನೂ ಹೇಳಿಲ್ಲ.

ಧೂಮಕೇತು ಇನ್ನು ಐದು ಸಂಜೆ ಮಾತ್ರ ಇರುತ್ತದೆ. ಆ ಐದು ಸಂಜೆ, ಒಂದೊಂದು ಗಂಟೆ, ಹನ್ನೆರಡೂ ದೀಪಗಳನ್ನು ಆರಿಸಿ. ಆದೇಶದಿಂದ ನನ್ನ ವಾಕ್ಯವನ್ನು ಹೊಡೆದುಹಾಕಿ. ಅದನ್ನು ನಾನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಸ್ವಿಚ್ ಒತ್ತಲು ಸಿಬ್ಬಂದಿ ಇಲ್ಲವೆನ್ನುವುದಾದರೆ ನಾನೇ ಬಂದು ಒತ್ತುತ್ತೇನೆ.

ಅಕ್ಕ ಹಗಲಲ್ಲಿ ಇನ್ನೂ ಓದಬಲ್ಲಳು, ಬೆಳಿಗ್ಗೆ ಅಂಗಡಿ ತೆರೆದೊಡನೆ ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆಯನ್ನೇ ಓದುತ್ತಾಳೆ. ಅವಳೆದುರು ನಿಂತು ಹೇಳುವ ಧೈರ್ಯವಿಲ್ಲದೆ ನಿಮ್ಮ ಹೆಸರಿಗೆ ಬರೆದಿದ್ದೇನೆ. ಆದ್ದರಿಂದ ಕೊನೆಯ ಸಾಲು ನಿಮಗಲ್ಲ, ಕ್ಷಮಿಸಿ. ಅಕ್ಕಾ, ಅವತ್ತು ನಿನ್ನ ಕಣ್ಣು ಹೋಗಿರಲಿಲ್ಲ ಕಣೇ. ಮುಚ್ಚಳ ತೆಗೆಯೋದನ್ನ ನಾನು ಮರೆತಿದ್ದೆ.

ಇಂತಿ,
ಕೈಗೆ ಮೈಕ್ ಕೊಡಬಾರದಿದ್ದ ಮೇಲ್ವಿಚಾರಕ
ಸಾರ್ವಜನಿಕ ವೀಕ್ಷಣಾಲಯ