ನೀನು ಕೇಳಿ ಕಳಿಸಿದ ಡಿಸ್ಕ್

ಏನೇ ಜಾಣಕ್ಕ,

ಈ ಪತ್ರ ನಿನಗೆ ತಲುಪಿಸುವುದಿಲ್ಲ. ಏನಾಯಿತೆಂದು ತಿಳಿಯದೆ ನೀನು ಕಾಯುತ್ತಲೇ ಇರಬೇಕು. ನನಗೆ ಬೇಕಾದದ್ದೂ ಅದೇ.

ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು ನಮ್ಮಿಬ್ಬರ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಹೊತ್ತುಕೊಂಡು ಹೋಗಿ, ರಸ್ತೆಯ ಆಚೆ ನಿನ್ನದೇ ಅಂಗಡಿ ತೆರೆದೆ. "ಅವಳಿಗೆ ದೇವ್ರಿಗೆ ಕೈ ಮುಗಿಯೋದು ಬಿಟ್ರೆ ಏನ್ ಬರುತ್ತೆ?" ಎಂದು ಗಿರಾಕಿಗಳ ಮುಂದೆ ನಕ್ಕೆ. ಆ ಕಂಪ್ಯೂಟರಿನಿಂದ ಹಿಂದೆ ಬಿಚ್ಚಿ ಡ್ರಾಯರ್‌ನಲ್ಲಿಟ್ಟಿದ್ದ ಹಳೆಯ ಹಾರ್ಡ್ ಡಿಸ್ಕ್ ಮಾತ್ರ ಮರೆತೆ. ನಿನ್ನೆ ಪಕ್ಕದ ಅಂಗಡಿಯ ದರ್ಜಿಯ ಕೈಲಿ ಹೇಳಿ ಕಳಿಸಿದೆಯಲ್ಲ, "ಅಮ್ಮ ಹೋದ್ಮೇಲೆ ಅವಳ ಫೋಟೊ ಅಂತ ಉಳಿದಿರೋದು ಅದ್ರಲ್ಲಿ ಮಾತ್ರ, ಕೊಡಿಸಪ್ಪಾ" ಎಂದು!

ಇವತ್ತು ಅಣ್ಣನ ಮಗಳು ನನಗೊಂದು ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟಳು. ಆ ಡಿಸ್ಕನ್ನೇ ಒಳಗೆ ಕೂರಿಸು ಅಂದೆ. ವಿಂಡೋಸ್ ಹಾಕಲು ಡಿಸ್ಕನ್ನು ಖಾಲಿ ಮಾಡಬೇಕಾದಾಗ ಅವಳ ಕೈ ನಿಂತಿತು.

"ಅತ್ತೆ, ಇದ್ರಲ್ಲಿ ಏನೇನೋ ತುಂಬಿದೆ. ಅಳಿಸಿದ್ರೆ ಮತ್ತೆ ಸಿಗಲ್ಲ, ನೋಡಿ."

"ಗೊತ್ತು, ಸರಿ ಆ ಕಡೆ" ಎಂದು ನಾನೇ ಮೌಸ್ ಒತ್ತಿದೆ. ಹೊಟ್ಟೆ ತಣ್ಣಗಾಯಿತು.

ಎಲ್ಲ ಮುಗಿದ ಮೇಲೆ, "ಪರದೆ ಮೇಲೆ ಯಾವ ಫೋಟೊ ಹಾಕ್ಲಿ?" ಎಂದಳು. ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ನಮ್ಮಿಬ್ಬರ ಹೆಗಲ ಮೇಲೆ ಕೈಯಿಟ್ಟು ನಿಂತ ನಿನ್ನ ಅಮ್ಮ. "ಏನೂ ಬೇಡ" ಅಂದೆ.

ಸಂಜೆ ದೇವರ ಮುಂದೆ ಕೂತು ಎಂದಿನಂತೆ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ನಿನ್ನ ಹೆಸರು ಬಿಟ್ಟು ವರ್ಷವಾಯಿತು. ಇವತ್ತು, ಒಂದು ದಿನವೂ ಬಿಡದ ನಿನ್ನ ಅಮ್ಮನ ಹೆಸರಿಗೆ ಬಂದಾಗ, ಹೇಳಲು ಬಾಯಿ ಬರಲಿಲ್ಲ.