ಗಾಜಿನ ಒಳಗಿನ ಮಬ್ಬು

ನವೆಂಬರ್ ೯, ಭಾನುವಾರ

ಬೆಳಿಗ್ಗೆ ಹೆಂಡತಿಗೆ ನನ್ನ ಕಿರುಚಿತ್ರ ತೋರಿಸಿದೆ. ಗಗನನೌಕೆಯ ಬಾಗಿಲು ತೆರೆಯುವಷ್ಟರಲ್ಲೇ ಆಕಳಿಸಿದಳು. "ಇದನ್ನೂ ಎಲ್ಲೋ ನೋಡಿದೀನಿ ಕಣ್ರೀ. ನಿಮ್ಮದು ಅಂತ ಒಂದಾದ್ರೂ ಇದೆಯಾ ಇದ್ರಲ್ಲಿ?"

ಮೈಯೆಲ್ಲ ಉರಿದುಹೋಯಿತು. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಮಾತಾಡುವ ಯಂತ್ರ, ಕೆಂಪು ದೀಪ, ಒಂಟಿ ಗಗನಯಾತ್ರಿ, ಎಲ್ಲವೂ ಕಂಡವರ ಚಿತ್ರಗಳಿಂದ ಎತ್ತಿದ್ದೇ.

ಯಾತ್ರಿಯ ಪಾತ್ರ ನನ್ನ ಭಾವಮೈದನದು. ಬಿಳಿ ಬಣ್ಣ ಬಳಿದ ಬೈಕ್ ಹೆಲ್ಮೆಟ್ ಹಾಕಿಕೊಂಡು ಅವನು ಉಸಿರಾಡಿದರೆ ಸಾಕು, ಗಾಜು ಮಬ್ಬಾಗುತ್ತಿತ್ತು. ಒರೆಸಿ ಒರೆಸಿ ಬೇಸತ್ತು, ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು, ಕ್ಯಾಮೆರಾ ಓಡಲು ಬಿಟ್ಟು ಎಲ್ಲರೂ ಹೊರಗೆ ಬಂದಿದ್ದೆವು. ಖಾಲಿ ಕೋಣೆಯ ಶಾಟ್ ಒಂದಿರಲಿ ಎಂದು.

ನನ್ನದೇನಾದರೂ ಇದೆಯೇ ಎಂದು ಹಠಕ್ಕೆ ಬಿದ್ದು ಹುಡುಕುತ್ತಾ ಸಂಜೆ ಆ ಶಾಟನ್ನು ಮೊದಲ ಸಲ ಪೂರ್ತಿ ನೋಡಿದೆ. ಕುರ್ಚಿಯ ಮೇಲಿನ ಹೆಲ್ಮೆಟ್ಟಿನ ಗಾಜು ಮಬ್ಬಾಗುತ್ತದೆ. ತಿಳಿಯಾಗುತ್ತದೆ. ಮತ್ತೆ ಮಬ್ಬಾಗುತ್ತದೆ, ನಿಧಾನಕ್ಕೆ, ನಿದ್ದೆಯಲ್ಲಿರುವವರ ಉಸಿರಿನ ಹಾಗೆ.

ಭಾವಮೈದನಿಗೆ ಫೋನ್ ಮಾಡಿದೆ. "ಆಗ ನಾನು ನಿಮ್ಮ ಜೊತೇನೇ ಟೀ ಕುಡೀತಿದ್ನಲ್ಲ ಭಾವ? ತಮಾಷೆ ಸಾಕು. ಮೊದಲು ಅದನ್ನ ಕಿತ್ತುಹಾಕಿ," ಎಂದ.

ಕಿತ್ತುಹಾಕುವುದಿಲ್ಲ. ಇಡೀ ಚಿತ್ರದಲ್ಲಿ ನಾನು ಯಾರಿಂದಲೂ ಕದಿಯದ ಶಾಟ್ ಅದೊಂದೇ.

ಹೆಲ್ಮೆಟ್ ಈಗ ಇದೇ ಮೇಜಿನ ಮೇಲಿದೆ. ಗಾಜು ಮಂಕಾಗಿ ಕಂಡಿತು. ಧೂಳಿರಬೇಕು ಎಂದು ಅಂಗಿಯ ತುದಿಯಿಂದ ಒರೆಸಿದೆ, ಹೋಗಲಿಲ್ಲ. ಮಬ್ಬು ಒಳಗಡೆ ಇದೆ. ಬೆರಳು ತೂರಿಸಿ ನೋಡಿದೆ.

ಬೆಚ್ಚಗಿದೆ.